ಬಾಯಿ ಮೇಲಾಗಿ ನಿಂತ ಗಂಟೆ

ಒದ್ದೆ ಕೊಡೆಯನ್ನು ಎಲ್ಲಿಡಬೇಕೆಂಬುದು ಸಿರಿಲ್‌ಗೆ ತಿಳಿಯಲಿಲ್ಲ. ಬಾಗಿಲ ಪಕ್ಕದ ಹಿತ್ತಾಳೆ ಡಬ್ಬದಲ್ಲಿ ಆಗಲೇ ಏಳೆಂಟು ಕೊಡೆಗಳು ಒಂದಕ್ಕೊಂದು ಒರಗಿಕೊಂಡು ನೀರಿಳಿಸುತ್ತಿದ್ದವು. ಅಲ್ಲಿಟ್ಟರೆ ಹೊರಡುವಾಗ ಬೇರೆಯವರದು ಕೈಗೆ ಬಂದೀತು. ಕುರ್ಚಿಗೆ ಒರಗಿಸಿದರೆ ಯಾರಾದರೂ ಜಾರಿ ಬಿದ್ದಾರು. ಕೊನೆಗೆ ಮೊಣಕಾಲುಗಳ ನಡುವೆ ಹಿಡಿದುಕೊಂಡೇ ಕೂತ. ನೀರು ಪ್ಯಾಂಟಿನ ಮೂಲಕ ಕಾಲುಚೀಲಕ್ಕೆ ಇಳಿಯುತ್ತಿತ್ತು, ಇಳಿಯಲಿ, ನನಗೆ ಇದೇ ತಕ್ಕದ್ದು ಎಂದುಕೊಂಡ. ಯಾರ್ಕ್ ನಗರದಲ್ಲಿ ಟೀ ಅಂಗಡಿಗಳಿಗೇನೂ ಬರವಿಲ್ಲ. ಇದನ್ನೇ ಹುಡುಕಿ ಹಿಡಿದವನು ಅವನು. ಇಲ್ಲಿ ಮೇಜುಗಳು ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ, ಚಮಚ ಕಪ್ಪಿನಡಿಯ ಬಸಿಗೆ ತಾಗಿದರೂ ಮೂರು ಜನ ತಿರುಗಿ ನೋಡುತ್ತಾರೆ. ಇಂಥ ಕಡೆ ಮ್ಯೂರಿಯಲ್ ದನಿ ಎತ್ತುವವಳಲ್ಲ, ಅಳುವವಳಂತೂ ಅಲ್ಲವೇ ಅಲ್ಲ. ಹನ್ನೆರಡು ವರ್ಷ ಹೊಟ್ಟೆಯೊಳಗಿಟ್ಟುಕೊಂಡ ಮಾತನ್ನು ಪಕ್ಕದ ಮೇಜಿನವರ ಮರ್ಯಾದೆಯ ಮರೆಯಲ್ಲಿ ಹೆಂಡತಿಯ ಮುಂದೆ ಕಕ್ಕಿಬಿಡಬೇಕೆಂದು ಅವನು ಹೊಂಚಿದ್ದ. ಇದು ಹೇಡಿಯ ಉಪಾಯವೆಂಬುದು ಅವನಿಗೆ ಗೊತ್ತಿರಲಿಲ್ಲವೆಂದೇನಲ್ಲ.

“ಅದಕ್ಕೂ ಒಂದು ಕುರ್ಚಿ ಕೇಳೋಣ್ವಾ?” ಎಂದಳು ಮ್ಯೂರಿಯಲ್, ಕೈಗವಸು ಬಿಚ್ಚುತ್ತ.

“ಯಾವುದಕ್ಕೆ?”

“ನಿನ್ನ ಕೊಡೆಗೆ. ತೊಡೆ ನಡುವೆ ಕೂರಿಸ್ಕೊಂಡಿದ್ದೀಯಲ್ಲ, ಮೊಮ್ಮಗು ಥರ.”

ಬಡಿಸುವ ಹೆಂಗಸು ಬಂದಳು. ಐವತ್ತು ದಾಟಿದ ದಪ್ಪನೆಯ ಹೆಂಗಸು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು. “ಏನ್ ಕೊಡ್ಲಿ ಬಂಗಾರ?” ಎಂದು ಸಿರಿಲ್‌ನನ್ನೇ ಕೇಳಿದಳು. ಅರವತ್ಮೂರರ ಬೋಳುತಲೆಯವನಿಗೂ ಈ ಸೀಮೆಯಲ್ಲಿ ಬಂಗಾರವಾಗುವ ಭಾಗ್ಯವಿದೆ. ಅವನು ಬಾಯಿ ತೆರೆಯುವಷ್ಟರಲ್ಲಿ ಮ್ಯೂರಿಯಲ್ ಹೇಳಿದಳು: “ಇಬ್ಬರಿಗೆ ಟೀ. ಇವನಿಗೆ ಒಣದ್ರಾಕ್ಷಿ ಬನ್ನು, ಚೆನ್ನಾಗಿ ಸುಟ್ಟು, ಬೆಣ್ಣೆ ಜಾಸ್ತಿ ಹಾಕಿ. ನನಗೇನೂ ಬೇಡ. ಇವನದ್ರಲ್ಲೇ ಅರ್ಧ ತಿಂತೀನಿ.”

ಈಗ ಹೇಳಬೇಕು, ಟೀ ಬರುವ ಮೊದಲು. ಬಸ್ಸಿನ ಮೇಲ್ಮಹಡಿಯಲ್ಲಿ ಕೂತು, ಮಂಜುಗಟ್ಟಿದ ಗಾಜಿನ ಮೇಲೆ ಬೆರಳಾಡಿಸುತ್ತ, ಮಾತನ್ನು ಸಾಲಾಗಿ ಜೋಡಿಸಿಕೊಂಡಿದ್ದ. ಮ್ಯೂರಿಯಲ್, ಎನಿಡ್ ಕೈ ಹೋಗಿದ್ದು ವಾಲ್ಟರ್‌ನಿಂದ ಅಲ್ಲ. ಅಷ್ಟೇ. ಏಳು ಪದವೂ ಇಲ್ಲ. ಆದರೆ ಈಗ ಅವಳು ಸಕ್ಕರೆ ಬಟ್ಟಲನ್ನು ಗೋಡೆಯ ಕಡೆಗೆ ಸರಿಸುತ್ತಿದ್ದಳು. ವೈದ್ಯರು ಸಿಹಿ ಕಡಿಮೆ ಮಾಡೆಂದ ಮೇಲೆ ಅವನ ಕೈಗೆ ಎಟುಕದಂತೆ ಹೀಗೆ ಸರಿಸುವುದು ಅವಳ ಅಭ್ಯಾಸ. ಅಷ್ಟು ಕಾಳಜಿಯ ಕೈ ಎದುರಿಗಿರುವಾಗ ಬಾಯಿ ಹೇಗೆ ಬರಬೇಕು? ಟೀ ಬಂದ ಮೇಲೆ ಹೇಳೋಣ ಎಂದುಕೊಂಡ. ಟೀ ಬಂತು. ಬನ್ನು ಆರುವ ಮೊದಲೇ ತಿನ್ನಬೇಕೆಂದು ಅವಳು ಅವಸರ ಮಾಡಿದಳು. ತಿಂದಾದ ಮೇಲೆ ಹೇಳೋಣ ಎಂದುಕೊಂಡ. ಪಕ್ಕದ ಮೇಜಿನ ಮುದುಕ ಅವನ ಕಾಲಡಿಯ ನೀರನ್ನು ನೋಡಿದ. ಸಿರಿಲ್ ಅವನ ಕ್ಷಮೆ ಕೇಳಿದ, ಮುದುಕನೂ ತಿರುಗಿ ಕ್ಷಮೆ ಕೇಳಿದ. ಸಿಕ್ಕಸಿಕ್ಕವರ ಹತ್ತಿರ ಕ್ಷಮೆ ಕೇಳುವುದೆಂದರೆ ಅವನಿಗೆ ನೀರು ಕುಡಿದಷ್ಟು ಸುಲಭ.

ಅವರ ಊರಾದ ಥೋರ್ಬೆಕ್‌ನ ಚರ್ಚಿನ ಗೋಪುರದಲ್ಲಿ ಆರು ಗಂಟೆಗಳಿವೆ. ಆರು ಹಗ್ಗ, ಬಾರಿಸಲು ಆರು ಜನ, ಸಿರಿಲ್ ಅವರಲ್ಲೊಬ್ಬ. ಮಾರನೆಯ ದಿನವೂ ಬಾರಿಸುವುದಿದ್ದರೆ ಗಂಟೆಗಳನ್ನು ಕೆಳಗಿಳಿಸದೆ ಬಾಯಿ ಮೇಲಾಗಿ ನಿಲ್ಲಿಸಿ ಹೋಗುವುದುಂಟು. ಹಾಗೆ ನಿಂತ ಗಂಟೆ ನೋಡಲು ಸಾಧು. ಗೊತ್ತಿಲ್ಲದವರು ಹಗ್ಗವನ್ನೊಮ್ಮೆ ಜಗ್ಗಿದರೆ ಸಾಕು, ಅರ್ಧ ಟನ್ ಕಂಚು ಮಗುಚಿ ಬಿದ್ದು ಹಗ್ಗವನ್ನೂ ಹಗ್ಗ ಹಿಡಿದವರನ್ನೂ ಚಾವಣಿಗೆ ಎಳೆದೊಯ್ಯುತ್ತದೆ. ಅದಕ್ಕಾಗಿಯೇ ಕೊನೆಗೆ ಹೊರಡುವವನು ಹಗ್ಗಗಳಿಗೆ ಅಡ್ಡಲಾಗಿ ಮುಟ್ಟಬೇಡಿ ಎಂಬ ಕೆಂಪು ಅಕ್ಷರದ ಹಲಗೆ ಕಟ್ಟಿ ಹೋಗಬೇಕು. ಹನ್ನೆರಡು ವರ್ಷದ ಹಿಂದಿನ ಆ ಶನಿವಾರ ಯಾರದೋ ಮದುವೆ. ಗೋಪುರದ ಯಜಮಾನಿಕೆ ಆಗ ವಾಲ್ಟರ್‌ನದು, ಊರಿನ ಬಡಗಿ, ಕಡಿಮೆ ಮಾತಿನವನು. ಅವನು ಬಾಗಿಲಲ್ಲಿ ನಿಂತು, “ಹಲಗೆ ನೋಡ್ಕೋತೀಯಲ್ಲ ಸಿರಿಲ್?” ಎಂದಿದ್ದ. “ನೋಡ್ಕೋತೀನಿ, ನೀನು ಹೊರಡು ಮಾರಾಯ” ಎಂದಿದ್ದ ಸಿರಿಲ್. ಆಮೇಲೆ ಕೆಳಗಿನಿಂದ ಯಾರೋ ಕೂಗಿದರು, ಟೀ ಹಾಕಿದ್ದಾರೆ, ಹಂದಿಮಾಂಸದ ಸ್ಯಾಂಡ್‌ವಿಚ್ ಮುಗಿದುಹೋಗ್ತಿದೆ ಎಂದು. ಅವನು ಕೋಟು ತೋಳಿಗೇರಿಸಿಕೊಂಡು ಎರಡೆರಡು ಮೆಟ್ಟಿಲು ಹಾರುತ್ತ ಇಳಿದ. ಹಲಗೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಆ ಟೀ ಹೇಗಿತ್ತೆಂದು ಅವನಿಗೆ ಈಗಲೂ ನೆನಪಿದೆ. ತುಂಬ ಹೊತ್ತು ಕುದಿದು ಕಹಿಯಾಗಿತ್ತು.

ಭಾನುವಾರ ಬೆಳಗ್ಗೆ ಪ್ರಾರ್ಥನೆಗೆ ಮುಂಚೆ, ಮದುವೆಯ ಬಣ್ಣದ ಕಾಗದದ ಚೂರುಗಳನ್ನು ಗುಡಿಸಲು ಮ್ಯೂರಿಯಲ್‌ಳ ತಂಗಿ ಎನಿಡ್ ಮೇಲೆ ಹತ್ತಿದಳು. ಗುಡಿಸಲು ಅಡ್ಡಿಯಾದ ಹಗ್ಗವೊಂದನ್ನು ಸುತ್ತಿ ಪಕ್ಕಕ್ಕೆಳೆದಳು. ಎನಿಡ್ ಊರ ಮಕ್ಕಳಿಗೆ ಪಿಯಾನೊ ಹೇಳಿಕೊಡುತ್ತಿದ್ದವಳು, ಮದುವೆಯಾದವಳಲ್ಲ, ಅವಳಿಗಿದ್ದದ್ದು ಆ ಎರಡು ಕೈಗಳೇ. ಬಲಗೈ ಮಣಿಕಟ್ಟಿನಿಂದ ಹೆಗಲವರೆಗೆ ಮುರಿದುಹೋಯಿತು. ಈಗ ಅವಳು ಸಮುದ್ರದಂಡೆಯ ಊರಿನಲ್ಲಿ ಗೆಳತಿಯೊಬ್ಬಳ ಜೊತೆಗಿದ್ದಾಳೆ. ಪ್ರತಿ ಕ್ರಿಸ್‌ಮಸ್‌ಗೆ ಎಡಗೈಯಲ್ಲಿ ಬರೆದ ಕಾರ್ಡು ಬರುತ್ತದೆ, ಒಂದನೇ ತರಗತಿಯ ಮಗುವಿನ ಅಕ್ಷರದಲ್ಲಿ. ಅದನ್ನು ಒಲೆಯ ಮೇಲಿನ ಹಲಗೆಯಲ್ಲಿ ಎಲ್ಲಕ್ಕಿಂತ ಮುಂದೆ ನಿಲ್ಲಿಸುತ್ತಾಳೆ ಮ್ಯೂರಿಯಲ್. ಹಬ್ಬದ ಹನ್ನೆರಡು ದಿನವೂ ಸಿರಿಲ್ ಆ ಕೋಣೆಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಾನೆ.

“ಬನ್ನು ಮುಗಿಸು. ಮಳೆ ಸ್ವಲ್ಪ ಕಡಿಮೆ ಆಗಿದೆ, ದೊಡ್ಡ ಚರ್ಚಿಗೆ ಹೋಗ್ಬಿಡೋಣ” ಎಂದಳು ಮ್ಯೂರಿಯಲ್.

ಮಳೆ ಏನೇನೂ ಕಡಿಮೆಯಾಗಿರಲಿಲ್ಲ. ಕಡಿಮೆಯಾಗಿದೆ ಎಂದು ಹೇಳುತ್ತ ನಡೆಯುವುದು ಇಲ್ಲಿನವರ ಕ್ರಮ. ಇಬ್ಬರೂ ಒಂದೇ ಕೊಡೆಯಡಿಯಲ್ಲಿ, ಮೇಲ್ಮಹಡಿಗಳು ಒಂದಕ್ಕೊಂದು ಬಾಗಿ ಮುಟ್ಟುವಂತಿದ್ದ ಹಳೆಯ ಓಣಿಯಲ್ಲಿ ನಡೆದರು. ಅವಳು ಅವನ ತೋಳು ಹಿಡಿದಿದ್ದಳು. ಅಂಗಡಿಯೊಂದರ ಕಿಟಕಿಯಲ್ಲಿ ಪಿಂಗಾಣಿ ನಾಯಿಯೊಂದನ್ನು ನೋಡಿ, “ಅದು ಥೇಟ್ ನಮ್ಮ ಪಾದ್ರಿಯವರ ಥರ ಇದೆ, ಆ ಗಲ್ಲ ನೋಡು” ಎಂದು ನಕ್ಕಳು. ಅವನೂ ನಕ್ಕ. ಇವತ್ತಿನ ನಗು ಇದೇ ಕೊನೆಯದಿರಬಹುದು ಎಂದು ಅನ್ನಿಸಿ ಅವಳ ಮುಖವನ್ನೊಮ್ಮೆ ಕದ್ದು ನೋಡಿದ. ಪ್ರವಾಸದ ಮಾತೆತ್ತಿದವಳು ಅವಳೇ. ವಾಲ್ಟರ್ ತೀರಿಕೊಂಡು ಮಣ್ಣಾಗಿ ಹನ್ನೊಂದು ದಿನ ಆಗಿತ್ತು. ಬುಧವಾರ ಯಾರ್ಕಿಗೆ ಹೋಗಿಬರೋಣ, ಮನೆಯೊಳಗೆ ಉಸಿರು ಕಟ್ಟುತ್ತೆ ಎಂದಳು. ಯಾಕೆ ಕಟ್ಟುತ್ತದೆಂದು ಅವನು ಕೇಳಲಿಲ್ಲ. ತನ್ನ ಮನಸ್ಸಿನದನ್ನೇ ಅವಳು ಹೇಳಿಬಿಟ್ಟಳೇನೋ ಎಂದು ಅನ್ನಿಸಿತ್ತು.

ಚರ್ಚಿನ ಬಾಗಿಲಲ್ಲಿ ಟೋಪಿ ತೆಗೆದ. ತೆಗೆದ ಕೂಡಲೇ ವಾಲ್ಟರ್‌ನ ಟೋಪಿ ಕಣ್ಣ ಮುಂದೆ ಬಂತು, ಅಂಚು ಸವೆದ ಕಂದು ಬಣ್ಣದ್ದು. ಹನ್ನೆರಡು ವರ್ಷ, ಪ್ರತಿ ಭಾನುವಾರ, ಥೋರ್ಬೆಕ್ ಚರ್ಚಿನ ಕಲ್ಲುಹಾಸಿನ ಮೇಲೆ ಮ್ಯೂರಿಯಲ್ ಎದುರಾದಾಗಲೆಲ್ಲ ವಾಲ್ಟರ್ ಆ ಟೋಪಿ ಎತ್ತುತ್ತಿದ್ದ. ಮ್ಯೂರಿಯಲ್ ಮುಖ ತಿರುಗಿಸಿ ಹೋಗುತ್ತಿದ್ದಳು. ಅಂಗಡಿಯ ಸಾಲಿನಲ್ಲಿ ಅವನ ಹಿಂದೆ ನಿಲ್ಲುವ ಪ್ರಸಂಗ ಬಂದರೆ ಸಕ್ಕರೆಯಿಲ್ಲದೆ ಮನೆಗೆ ಮರಳುತ್ತಿದ್ದಳು. ಅವನ ಹೆಂಡತಿ ಆಗ್ನೆಸ್‌ಗೂ ಅದೇ ಶಿಕ್ಷೆ. ಪಾದ್ರಿಯ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ ವಿಚಾರಿಸಿದ ದಿನ ವಾಲ್ಟರ್ ಹೇಳಿದ್ದು ಇಷ್ಟೇ: “ಗೋಪುರ ನನ್ನದು. ಹಲಗೆ ಕಟ್ಟಿದೆಯೋ ಇಲ್ವೋ ಅಂತ ನೋಡೋದೂ ನನ್ನ ಕೆಲಸ.” ಆಮೇಲೆ ಸಿರಿಲ್ ಕಡೆ ಒಂದು ಸಲ ನೋಡಿದ. ಬೈಯುವ ನೋಟವಲ್ಲ, ಬಾಗಿಲು ಹಿಡಿದು ನಿಂತವನು ನೀನು ಮುಂದೆ ಹೋಗುತ್ತೀಯಾ ಎಂದು ಕೇಳುವ ಥರದ್ದು. ಸಿರಿಲ್‌ನ ಬಾಯಿ ತೆರೆದಿತ್ತು ಕೂಡ. ಅಷ್ಟರಲ್ಲಿ ಪಾದ್ರಿ ಕೆಮ್ಮಿದರು, ಯಾರೋ ಕುರ್ಚಿ ಸರಿಸಿದರು, ಸಭೆ ಮುಗಿದಿತ್ತು. ಮರುವಾರ ವಾಲ್ಟರ್ ಗೋಪುರ ಬಿಟ್ಟ. ಯಜಮಾನಿಕೆಗೆ ಎಲ್ಲರೂ ಸೇರಿ ಸಿರಿಲ್‌ನನ್ನೇ ಆರಿಸಿದರು. ಬೇಡವೆಂದರೆ ಯಾಕೆಂದು ಕೇಳುತ್ತಾರೆ. ಅವನು ಒಪ್ಪಿಕೊಂಡ.

ಮಣ್ಣು ಮಾಡುವ ದಿನ ಗಂಟೆಗಳ ನಾಲಿಗೆಗೆ ಒಂದು ಪಕ್ಕ ತೊಗಲಿನ ಮುಸುಕು ಕಟ್ಟುತ್ತಾರೆ. ಒಂದು ಹೊಡೆತ ಗಟ್ಟಿ, ಮುಂದಿನದು ದೂರದೂರಿನಿಂದ ಬಂದಂತೆ ಮೆತ್ತಗೆ. ವಾಲ್ಟರ್‌ನಿಗಾಗಿ ಆ ಮುಸುಕುಗಳನ್ನು ಕಟ್ಟಿದವನು ಸಿರಿಲ್. ಆರನೆಯ ಗಂಟೆಯ ಕೆಳಗೆ ಬಗ್ಗಿ, ಪಟ್ಟಿಯ ಬಕಲ್ ಬಿಗಿಯುವಾಗ ಅದು ಮೂರು ಸಲ ಜಾರಿತು. ಶವಪೆಟ್ಟಿಗೆ ಒಳಗೆ ಬರುವಾಗ ತಪ್ಪಿಲ್ಲದೆ ಬಾರಿಸಿದ್ದೂ ಅವನೇ. ಮ್ಯೂರಿಯಲ್ ಮನೆಯಲ್ಲಿ ಇಸ್ತ್ರಿ ಹಾಕುತ್ತಿದ್ದಳು. ಕಿಟಕಿ ಮುಚ್ಚಿಕೊಂಡಿದ್ದೆ ಎಂದು ಆಮೇಲೆ ಹೇಳಿದಳು.

ದೊಡ್ಡ ಚರ್ಚಿನ ಒಳಗೆ ಒದ್ದೆ ಉಣ್ಣೆಯ ವಾಸನೆ. ಜನ ಕುತ್ತಿಗೆ ಎತ್ತಿ ಬಣ್ಣದ ಗಾಜುಗಳನ್ನು ನೋಡುತ್ತಿದ್ದರು, ಆದರೆ ಹೊರಗೆ ಬಿಸಿಲೇ ಇಲ್ಲದ್ದರಿಂದ ಗಾಜುಗಳು ಕಪ್ಪಾಗಿದ್ದವು. ಸಿರಿಲ್ ಕಂಬವೊಂದರ ಬಳಿ ನಿಂತು, ಇಲ್ಲೇ ಹೇಳಿಬಿಡಲೇ ಎಂದು ಯೋಚಿಸಿದ. ಇಲ್ಲಿಯೂ ಯಾರೂ ದನಿ ಎತ್ತುವಂತಿಲ್ಲ. ತಿರುಗಿ ನೋಡಿದರೆ ಮ್ಯೂರಿಯಲ್ ಪಕ್ಕದಲ್ಲಿರಲಿಲ್ಲ. ಮೇಣದಬತ್ತಿಗಳ ಕಬ್ಬಿಣದ ತಟ್ಟೆಯ ಎದುರು ನಿಂತು ಒಂದನ್ನು ಹಚ್ಚುತ್ತಿದ್ದಳು. ಹೀಗೆ ಬತ್ತಿ ಹಚ್ಚುವುದೆಲ್ಲ ರೋಮಿನ ಕ್ಯಾಥೊಲಿಕರ ಆಟ ಎಂದು ಜರೆಯುವವಳು ಅವಳು.

“ಯಾರಿಗೆ?” ಎಂದ ಸಿರಿಲ್. ಎನಿಡ್‌ಗೆ ಎನ್ನುತ್ತಾಳೆಂದು ಎದೆ ಗಟ್ಟಿ ಮಾಡಿಕೊಂಡಿದ್ದ.

“ವಾಲ್ಟರ್‌ಗೆ.” ಅವಳು ಬತ್ತಿ ನೆಟ್ಟಗೆ ನಿಲ್ಲಿಸಲು ಹೆಣಗುತ್ತಿದ್ದಳು. “ಹಾಗೆ ಬಾಯಿ ಬಿಟ್ಕೊಂಡು ನೋಡಬೇಡ. ಸತ್ತವನ ಮೇಲೆ ಎಷ್ಟು ದಿನ ಅಂತ ಹಲ್ಲು ಕಡೀಲಿ ನಾನು? ಗಂಟೆ ಶಬ್ದ ಕೇಳಬಾರದು ಅಂತ ಕಿಟಕಿ ಮುಚ್ಚಿದೆ ನೋಡು, ಆಮೇಲಿಂದ ನಿದ್ದೆ ಇಲ್ಲ. ಮನುಷ್ಯ ಎಷ್ಟು ಸಲ ಟೋಪಿ ಎತ್ತಿದ. ಒಂದು ಸಲ ತಲೆ ಆಡಿಸಿದ್ರೆ ನನ್ನ ಗಂಟೇನು ಹೋಗ್ತಿತ್ತು?”

“ಮ್ಯೂರಿಯಲ್–”

“ಇರು, ಹೇಳಿ ಮುಗಿಸ್ತೀನಿ. ಆಗ್ನೆಸ್‌ಗೆ ಒಂದು ಕಾಗದ ಬರ್ದಿದ್ದೀನಿ. ಚೀಲದಲ್ಲಿದೆ. ಊರಲ್ಲಿ ಹಾಕಿದ್ರೆ ಪೋಸ್ಟಾಫೀಸಿನವಳು ಲಕೋಟೆ ನೋಡೇ ಊರಿಗೆಲ್ಲ ಡಂಗುರ ಹೊಡೀತಾಳೆ. ಅದಕ್ಕೇ ಇಲ್ಲಿ ಹಾಕೋಣ ಅಂತ ತಂದೆ. ಟೀ ಕುಡೀವಾಗ ಓದು. ಇಲ್ಲಿ ಬೇಡ, ಇಲ್ಲಿ ಕತ್ತಲೆ.”

ಅವಳ ದ್ವೇಷವನ್ನು ಅವನು ಹೇಗೋ ಸಹಿಸಿಕೊಂಡಿದ್ದ. ಅದಕ್ಕೊಂದು ಒಗ್ಗಿಕೊಂಡ ಜಾಗವಿತ್ತು ಮನೆಯಲ್ಲಿ, ಬಾಗಿಲ ಹಿಂದಿನ ಗೂಟದ ಹಾಗೆ. ಅವಳ ಕ್ಷಮೆ ಬರುತ್ತದೆಂದು ಎಂದೂ ಎಣಿಸಿರಲಿಲ್ಲ. ತಪ್ಪು ಮಾಡದವನನ್ನು, ಮಣ್ಣಾದವನನ್ನು, ತನ್ನ ಹೆಂಡತಿ ದೊಡ್ಡ ಮನಸ್ಸು ಮಾಡಿ ಕ್ಷಮಿಸುತ್ತಿದ್ದಾಳೆ, ಅದೂ ಕಾಗದದ ಮೇಲೆ, ಅವನ ವಿಧವೆಗೆ. ಬತ್ತಿಯ ಜ್ವಾಲೆ ಗಾಳಿಗೆ ಒಂದು ಕಡೆ ಬಾಗಿತು. ಹೇಳು ಎಂದುಕೊಂಡ. ಆಗ ಕಪ್ಪು ನಿಲುವಂಗಿಯವನೊಬ್ಬ ಬಂದು, ಪ್ರಾರ್ಥನೆ ಶುರುವಾಗುತ್ತದೆ, ದಯವಿಟ್ಟು ಕೂರುತ್ತೀರಾ ಅಥವಾ ಹೊರಗೆ ಹೋಗುತ್ತೀರಾ ಎಂದು ವಿನಯದಿಂದ ಕೇಳಿದ. ಹೊರಗೆ ಹೋಗುತ್ತೇವೆ ಎಂದ ಸಿರಿಲ್, ಅಷ್ಟೇ ವಿನಯದಿಂದ.

ಊರು ಸುತ್ತಿದ ಹಳೆಯ ಕೋಟೆಗೋಡೆಯ ಮೇಲೆ ನಡೆಯಬೇಕೆಂದು ಅವಳ ಆಸೆ. ಅಷ್ಟು ಎತ್ತರದ ಗಾಳಿಗೆ ಕೊಡೆ ನಿಲ್ಲಲಿಲ್ಲ, ಮಡಚಿಕೊಂಡು ನೆನೆಯುತ್ತಲೇ ನಡೆದರು. ಕೆಳಗೆ ಮನೆಗಳ ಹಿತ್ತಿಲು, ಒಣಹಾಕಿ ಮರೆತ ಬಟ್ಟೆ, ಹಾಳು ಬಿದ್ದ ಮಗುವಿನ ಸೈಕಲ್. ಭಾರ ಇಳಿಸಿಕೊಂಡವಳಂತೆ ಮ್ಯೂರಿಯಲ್ ಮುಂದೆ ಮುಂದೆ ನಡೆಯುತ್ತಿದ್ದಳು, ಆಗಾಗ ನಿಂತು ಅದು ನೋಡು ಇದು ನೋಡು ಎನ್ನುತ್ತಿದ್ದಳು. ನದಿಯಾಚೆ ಯಾವುದೋ ಸಣ್ಣ ಚರ್ಚಿನಲ್ಲಿ ಗಂಟೆ ಬಾರಿಸುತ್ತಿದ್ದರು, ಬೇರೆ ಊರಿನವರು ಬಂದು ಕೈ ಪಳಗಿಸುತ್ತಿರಬೇಕು. ಸಿರಿಲ್‌ಗೆ ತಡೆದುಕೊಳ್ಳಲಾಗಲಿಲ್ಲ, ಎಣಿಸತೊಡಗಿದ. ಒಂದು ಎರಡು ಮೂರು ನಾಲ್ಕು, ಎರಡು ಒಂದು ನಾಲ್ಕು ಮೂರು. ಪ್ರತಿಯೊಂದು ಗಂಟೆಯೂ ತನ್ನ ಜಾಗವನ್ನು ಪಕ್ಕದ್ದಕ್ಕೆ ಬಿಟ್ಟುಕೊಟ್ಟು ಸರಿಯುತ್ತದೆ, ಕೊನೆಗೆ ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಮರಳುತ್ತವೆ. ಅಷ್ಟು ಕರಾರುವಾಕ್ಕಾಗಿ ಎಣಿಸಬಲ್ಲ ತಲೆ ಆ ಶನಿವಾರ ಒಂದು ಹಲಗೆಯನ್ನು ಹೇಗೆ ಮರೆಯಿತು ಎಂಬುದು ಅವನಿಗೆ ಇಂದಿಗೂ ಅರ್ಥವಾಗಿಲ್ಲ. ನಿಜ ಹೇಳಬೇಕೆಂದರೆ ಮರೆತಿರಲಿಲ್ಲ. ಮೆಟ್ಟಿಲ ನಡುವೆ ನೆನಪಾಗಿತ್ತು. ಟೀ ಕುಡಿದು ಬಂದು ಕಟ್ಟೋಣ ಎಂದುಕೊಂಡಿದ್ದ. ಇದನ್ನು ಅವನು ಇಷ್ಟು ವರ್ಷ ತನಗೂ ಹೇಳಿಕೊಂಡಿರಲಿಲ್ಲ. ಗೋಡೆಯ ಒದ್ದೆ ಕಲ್ಲಿನ ಮೇಲೆ ಅವನ ಕಾಲು ಜಾರಿತು. ಎದುರಿನಿಂದ ಬರುತ್ತಿದ್ದ ಯಾರೋ ಹೆಂಗಸು ತೋಳು ಹಿಡಿದು ನಿಲ್ಲಿಸಿದಳು. ನನ್ನದೇ ತಪ್ಪು ಎಂದ ಸಿರಿಲ್. ಇಲ್ಲ ಇಲ್ಲ, ನಾನೇ ಅಡ್ಡ ಬಂದೆ ಎಂದಳು ಅವಳು.

ಎರಡನೆಯ ಟೀ ಬಸ್ ನಿಲ್ದಾಣದ ಹತ್ತಿರದ ಅಗ್ಗದ ಅಂಗಡಿಯಲ್ಲಿ. ಮೇಜಿನ ಮೇಲೆ ಹಿಂದಿನವರು ಚೆಲ್ಲಿದ ಸಕ್ಕರೆ. ಮ್ಯೂರಿಯಲ್ ಅದನ್ನು ಅಂಗೈಯಿಂದ ಒರೆಸಿ, ಚೀಲದಿಂದ ಲಕೋಟೆ ತೆಗೆದಳು. ಇನ್ನೂ ಅಂಟಿಸಿರಲಿಲ್ಲ. ನೀಲಿ ಕಾಗದ, ಎನಿಡ್‌ಗೆ ಬರೆಯುವಾಗ ಬಳಸುವಂಥದ್ದು.

ಪ್ರಿಯ ಆಗ್ನೆಸ್, ಎಂದಿತ್ತು. ಬಹಳ ತಡವಾಗಿ ಬರೆಯುತ್ತಿದ್ದೇನೆ. ನಿಮ್ಮ ದುಃಖದಲ್ಲಿ ನಾನು ಬರಲಿಲ್ಲ, ಅದು ನನ್ನ ಸಣ್ಣತನ. ನನ್ನ ತಂಗಿಗೆ ಆದದ್ದಕ್ಕೆ ವಾಲ್ಟರ್‌ನನ್ನು ಕ್ಷಮಿಸಿದ್ದೇನೆಂದು ಅವನು ಬದುಕಿರುವಾಗಲೇ ಹೇಳಬೇಕಿತ್ತು. ಈಗ ನಿಮಗೆ ಹೇಳುತ್ತಿದ್ದೇನೆ. ಮರೆವು ಯಾರಿಗೆ ಇಲ್ಲ? ಅವನು ತನ್ನ ತಪ್ಪನ್ನು ಮುಚ್ಚಿಡದೆ ಒಪ್ಪಿಕೊಂಡ, ಅಷ್ಟು ಧೈರ್ಯ ಎಲ್ಲರಿಗೂ ಇರುವುದಿಲ್ಲ. ನನ್ನ ಗಂಡನಿಗೂ ಹಾಗೇ ಅನ್ನಿಸುತ್ತದೆ.

“ಕೆಳಗೆ ನಿನ್ನ ಹೆಸರಿಗೆ ಜಾಗ ಬಿಟ್ಟಿದ್ದೀನಿ” ಎಂದಳು. “ಯಾಕೆ, ಚೆನ್ನಾಗಿಲ್ವಾ?”

“ಚೆನ್ನಾಗಿದೆ.”

“ಸುಮ್ನೆ ಹೇಳಬೇಡ. ಸಣ್ಣತನ ಅಂತ ಬರೀಬಾರದಿತ್ತಾ? ತೀರಾ ಅತಿ ಆಯ್ತಾ?”

“ಇಲ್ಲ. ಅತಿ ಏನಿಲ್ಲ.”

ಅವಳು ಪೆನ್ನಿನ ಮುಚ್ಚಳ ತೆಗೆದು ಅವನ ಬೆರಳುಗಳ ನಡುವೆ ಇಟ್ಟಳು. ಮದುವೆಯಾದ ಮೂವತ್ತೇಳು ವರ್ಷಗಳಲ್ಲಿ ಅವಳು ಬರೆದ ಪ್ರತಿಯೊಂದು ಹಬ್ಬದ ಕಾರ್ಡು, ಹುಟ್ಟುಹಬ್ಬದ ಕಾರ್ಡು, ಸಂತಾಪದ ಕಾರ್ಡಿನ ಕೆಳಗೆ ಅವನು ಓದದೆ ತನ್ನ ಹೆಸರು ಬರೆದಿದ್ದ. ಕೈಗೆ ಅದರ ಅಭ್ಯಾಸವಿತ್ತು. ತಲೆ ಬೇಡ ಎನ್ನುತ್ತಿರುವಾಗಲೇ ಕೈ ಸಿರಿಲ್ ಎಂದು ಬರೆದುಬಿಟ್ಟಿತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅವಳು ಕಾಗದವನ್ನು ಊದಿ ಒಣಗಿಸಿ, ಮಡಚಿ, ಅಂಟನ್ನು ನಾಲಿಗೆಯಿಂದ ಒದ್ದೆ ಮಾಡಿ ಅಂಟಿಸಿದಳು. ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ಒಂದು ಹಗುರ ಇತ್ತು. ಹುಡುಗಿಯಾಗಿದ್ದಾಗ ಎನಿಡ್‌ಳ ಪಿಯಾನೊಗೆ ಪುಟ ತಿರುವಲು ಪಕ್ಕದಲ್ಲಿ ನಿಲ್ಲುತ್ತಿದ್ದಾಗಿನ ಮುಖ. ಆ ಹಗುರವನ್ನು ಕೆಡಿಸುವುದು ಹೇಗೆ? ಕೆಡಿಸದಿರುವುದಾದರೂ ಹೇಗೆ? ಟೀ ಆರಿ ಮೇಲೆ ಕೆನೆ ಕಟ್ಟಿತ್ತು. ಅವನು ಅದನ್ನು ಗಟಗಟ ಕುಡಿದ.

ಅಂಚೆ ಪೆಟ್ಟಿಗೆ ರಸ್ತೆಯ ಮೂಲೆಯಲ್ಲಿತ್ತು, ಕೆಂಪಗೆ, ಮಳೆಯಲ್ಲಿ ಹೊಳೆಯುತ್ತ. ಕೊನೆಯ ಸಂಗ್ರಹ ಐದೂವರೆಗೆ ಎಂದು ಬರೆದಿತ್ತು. ಐದೂಕಾಲಾಗಿತ್ತು. ಮ್ಯೂರಿಯಲ್ ಕೊಡೆ ಹಿಡಿದು, ಲಕೋಟೆಯನ್ನು ಅವನ ಕೈಗಿತ್ತಳು.

“ನೀನೇ ಹಾಕು. ನನ್ನ ಕೈ ಹಿಂದೆ ಬಂದ್ಬಿಡುತ್ತೆ.”

ಅವನು ಪೆಟ್ಟಿಗೆಯ ಮುಂದೆ ನಿಂತ. ಲಕೋಟೆಯ ಮೂಲೆಗೆ ಮಳೆಹನಿ ಬಿದ್ದು ಆಗ್ನೆಸ್ ಎಂಬ ಹೆಸರಿನ ಕೊನೆಯ ಅಕ್ಷರ ಹರಡಿತು. ಈಗ ತನ್ನ ಕೈಯಲ್ಲೇ ಇದೆ, ಜೇಬಿಗೆ ಹಾಕಿಕೊಂಡರೆ ಆಯಿತು, ಹರಿದರೆ ಆಯಿತು. ತಿರುಗಿ ಮ್ಯೂರಿಯಲ್, ಒಂದು ಮಾತು ಎಂದರೆ ಆಯಿತು. ಈ ಸಲ ನಿಜವಾಗಿಯೂ ಹೇಳುವವನಿದ್ದ. ನಾಲಿಗೆ ಹಲ್ಲಿಗೆ ತಾಗಿಯೂ ಆಗಿತ್ತು. ಆಗ ಹಿಂದೆ ಯಾರೋ ಮೆಲ್ಲಗೆ ಗಂಟಲು ಸರಿಮಾಡಿಕೊಂಡರು. ಪ್ಲಾಸ್ಟಿಕ್ ಟೋಪಿ ಕಟ್ಟಿಕೊಂಡ ಮುದುಕಿಯೊಬ್ಬಳು ಕೈಯಲ್ಲಿ ಮೂರು ಲಕೋಟೆ ಹಿಡಿದು, ಎರಡು ಹೆಜ್ಜೆ ದೂರದಲ್ಲಿ, ತನ್ನ ಸರದಿಗಾಗಿ ನಿಂತಿದ್ದಳು. ಮಳೆ ಅವಳ ಹೆಗಲ ಮೇಲೆ ಸುರಿಯುತ್ತಿತ್ತು. “ಅವಸರ ಇಲ್ಲಪ್ಪ, ನಿಧಾನಕ್ಕೆ ಹಾಕಿ” ಎಂದಳು.

“ಕ್ಷಮಿಸಿ” ಎಂದ ಸಿರಿಲ್, ಮತ್ತು ಲಕೋಟೆಯನ್ನು ಒಳಗೆ ಹಾಕಿ ಪಕ್ಕಕ್ಕೆ ಸರಿದ.

ಅದು ಒಳಗೆ ಬಿದ್ದ ಸದ್ದು ಕೇಳಿಸಿತು. ಮುದುಕಿ ತನ್ನ ಮೂರನ್ನೂ ಹಾಕಿ, ಧನ್ಯವಾದ ಹೇಳಿ ಹೋದಳು. ಒಬ್ಬಳು ಅಪರಿಚಿತ ಹೆಂಗಸನ್ನು ಅರ್ಧ ನಿಮಿಷ ಕಾಯಿಸಬಾರದೆಂದು ಸತ್ತವನ ಹಣೆಗೆ ತನ್ನ ಪಾಪವನ್ನು ಮುದ್ರೆಯೊತ್ತಿ ಕಳಿಸಿದ್ದ. ಅದು ಅರಿವಾದ ಗಳಿಗೆಯಲ್ಲಿ ಅವನೊಳಗೆ ಏನೋ ಮಗುಚಿ ಬಿತ್ತು. ಹಗ್ಗ ಕೈ ತಪ್ಪಿ ಹೋದ ಮೇಲೆ ಹಿಡಿಯಲು ಏನೂ ಇರುವುದಿಲ್ಲ.

“ವಾಲ್ಟರ್ ಅಲ್ಲ, ಮ್ಯೂರಿಯಲ್.”

“ಏನು ವಾಲ್ಟರ್ ಅಲ್ಲ?”

“ಹಲಗೆ. ನಾನು ಕಟ್ತೀನಿ ಅಂದಿದ್ದೆ. ಅವನು ಕೇಳಿಯೇ ಹೋಗಿದ್ದ. ಟೀ ಕುಡಿದು ಬಂದು ಕಟ್ಟೋಣ ಅಂತ ಇಳಿದೆ. ಆಮೇಲೆ ಹತ್ತಲಿಲ್ಲ.”

ಅವಳು ದನಿ ಎತ್ತಲಿಲ್ಲ. ರಸ್ತೆಯಲ್ಲಿ ಯಾರೂ ಇರಲಿಲ್ಲ, ಎತ್ತಬಹುದಿತ್ತು. ಬಸ್ಸೊಂದು ನೀರು ಹಾರಿಸಿಕೊಂಡು ಹೋಯಿತು. ಅವಳು ಅವನನ್ನೇ ನೋಡಿದಳು, ಆಮೇಲೆ ಪೆಟ್ಟಿಗೆಯನ್ನು ನೋಡಿದಳು, ಕೈಗವಸು ತೆಗೆದು ಆ ಸಂದಿಯೊಳಗೆ ಬೆರಳು ತೂರಿಸಿ ನೋಡಿದಳು. ಮಣಿಕಟ್ಟಿನ ಆಚೆ ಹೋಗಲಿಲ್ಲ. ಕೈ ಹೊರಗೆಳೆದುಕೊಂಡು ಬೆರಳುಗಳನ್ನೇ ನೋಡುತ್ತ ನಿಂತಳು. ಎನಿಡ್ ನೆನಪಾಗಿರಬೇಕು.

“ವಾಲ್ಟರ್‌ಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಗೊತ್ತಿದ್ದೂ ಟೋಪಿ ಎತ್ತುತ್ತಿದ್ನಾ?”

ಅವನು ಹೌದೆಂದು ತಲೆಯಾಡಿಸಿದ.

“ಅವನು ಟೋಪಿ ಎತ್ತುವಾಗ ನೀನೂ ಪಕ್ಕದಲ್ಲೇ ಇರ್ತಿದ್ಯಲ್ಲ, ನನ್ನ ತೋಳು ಹಿಡ್ಕೊಂಡು. ನೀನೇನು ಮಾಡ್ತಿದ್ದೆ?”

“ಬೂಟು ನೋಡ್ಕೋತಿದ್ದೆ.”

ಐದೂವರೆಯವರೆಗೆ ಇಬ್ಬರೂ ಪೆಟ್ಟಿಗೆಯ ಎರಡು ಪಕ್ಕ ನಿಂತರು. ಕೊಡೆ ಅವಳ ತಲೆಯ ಮೇಲಿತ್ತು. ಅಂಚೆಯವನು ಬಂದು, ಬೀಗ ತೆಗೆದು, ಕಾಗದಗಳನ್ನು ಚೀಲಕ್ಕೆ ಸುರಿಯುವಾಗ ಮ್ಯೂರಿಯಲ್ ತುಂಬ ಮರ್ಯಾದೆಯಿಂದ ಕೇಳಿದಳು, ನೀಲಿ ಲಕೋಟೆ, ತಪ್ಪಾಗಿ ಹಾಕಿದ್ದು, ವಾಪಸು ಕೊಡಲು ಸಾಧ್ಯವೇ ಎಂದು.

“ಕೊಡೋ ಹಾಗಿಲ್ಲಮ್ಮ” ಎಂದ ಅವನು. “ಒಳಗೆ ಬಿದ್ದ ಮೇಲೆ ಅದು ಯಾರ ಹೆಸರಿಗಿದೆಯೋ ಅವರದ್ದು. ದಿನಾ ಒಬ್ಬರಾದ್ರೂ ಕೇಳ್ತಾರೆ. ಹೆಚ್ಚಿಗೆ ಪ್ರೇಮಪತ್ರದವರು.”

“ನಿಮಗೆ ತೊಂದ್ರೆ ಕೊಟ್ಟೆ” ಎಂದಳು ಅವಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ತನ್ನ ಪಕ್ಕದ ಜಾಗದಲ್ಲಿ ಒದ್ದೆ ಚೀಲವನ್ನಿಟ್ಟಳು. ಸಿರಿಲ್ ಹಿಂದಿನ ಸೀಟಿನಲ್ಲಿ ಕೂತ. ಒಂದು ಗಂಟೆಯ ದಾರಿ ಅವಳ ಕುತ್ತಿಗೆಯನ್ನು, ಕೂದಲ ಅಂಚಿನಲ್ಲಿ ಒಣಗದ ನೀರನ್ನು ನೋಡುತ್ತ ಬಂದ. ಹೇಳಿಬಿಟ್ಟರೆ ಹಗುರಾಗುತ್ತದೆಂದು ಹನ್ನೆರಡು ವರ್ಷ ನಂಬಿದ್ದ. ಏನೂ ಹಗುರಾಗಲಿಲ್ಲ. ತನ್ನೊಬ್ಬನದಾಗಿದ್ದ ಕಲ್ಲನ್ನು ಈಗ ಅವಳ ಮಡಿಲಿಗೂ ಹಾಕಿದ್ದ, ಅಷ್ಟೇ. ಅವಳು ಒಂದೇ ಒಂದು ಸಲ ಅರ್ಧ ತಿರುಗಿದಳು.

“ಬೆಳಗ್ಗೆ ಅಂಚೆ ಎಷ್ಟು ಹೊತ್ತಿಗೆ ಬರುತ್ತೆ ನಮ್ಮೂರಿಗೆ?”

“ಎಂಟಕ್ಕೆ.”

“ಅದು ಬರೋ ಮುಂಚೆ ಆಗ್ನೆಸ್‌ಗೆ ಗೊತ್ತಾಗಬೇಕು.”

“ಏಳೂವರೆಗೆ ಹೋಗ್ತೀನಿ.”

ಥೋರ್ಬೆಕ್‌ನಲ್ಲಿ ಇಳಿದಾಗ ಇನ್ನೂ ಸ್ವಲ್ಪ ಬೆಳಕಿತ್ತು. ಮನೆಗೆ ಎಡಕ್ಕೆ ತಿರುಗಬೇಕು, ಅವಳು ಬಲಕ್ಕೆ ತಿರುಗಿದಳು. ವಾಲ್ಟರ್‌ನ ಮನೆಯ ಬೇಲಿಬಾಗಿಲನ್ನು, ಅವನೇ ಮಾಡಿದ ಮರದ ಬಾಗಿಲನ್ನು, ತೆರೆದು ಹಿಡಿದು ನಿಂತಳು. ಸಿರಿಲ್ ಅವಳನ್ನು ದಾಟಿ ಒಳಗೆ ಹೋದ. ಅವಳು ಬೇಲಿಯ ಹತ್ತಿರವೇ ಉಳಿದಳು.

ಬಾಗಿಲು ತೆರೆದ ಆಗ್ನೆಸ್ ಕಪ್ಪು ಸ್ವೆಟರ್ ಹಾಕಿಕೊಂಡಿದ್ದಳು, ಸಣ್ಣ ಮೈಯ ಹೆಂಗಸು. ಅವನ ಹಿಂದೆ, ಬೇಲಿಯ ಬಳಿ, ಹನ್ನೆರಡು ವರ್ಷ ಈ ಕಡೆ ಕಣ್ಣೆತ್ತಿಯೂ ನೋಡದವಳನ್ನು ಕಂಡು ಗಾಬರಿಯಾಗಿ ಕೂದಲು ಸರಿಮಾಡಿಕೊಂಡಳು.

“ಅಯ್ಯೋ, ಇಬ್ಬರೂ ತೊಪ್ಪೆಯಾಗಿದ್ದೀರಲ್ಲ. ಒಳಗೆ ಬನ್ನಿ, ಬನ್ನಿ. ಮ್ಯೂರಿಯಲ್‌ನೂ ಕರೀರಿ. ಈಗ ಟೀ ಇಡ್ತೀನಿ, ಕುಡಿದು ಆಮೇಲೆ ಮಾತಾಡೋಣ.” ಅವಳು ಆಗಲೇ ಅಡುಗೆಮನೆಗೆ ಹೋಗಿ ಕೆಟಲ್ ಎತ್ತಿಕೊಂಡು ನಲ್ಲಿ ಬಿಟ್ಟಿದ್ದಳು.

ಗೂಟದ ಮೇಲೆ ಅಂಚು ಸವೆದ ಕಂದು ಟೋಪಿ ಇನ್ನೂ ತೂಗುತ್ತಿತ್ತು. ಸಿರಿಲ್ ಒಳಗೆ ಬಂದು ತನ್ನ ಟೋಪಿ ತೆಗೆದ. ನೀರು ಅವಳು ಒರೆಸಿದ ನೆಲದ ಮೇಲೆ ಬಿತ್ತು. ಅದಕ್ಕೆ ಅವನು ಕ್ಷಮೆ ಕೇಳಲಿಲ್ಲ.

“ಟೀ ಬೇಡ ಆಗ್ನೆಸ್” ಎಂದ. ಹುಟ್ಟಿದ ಮೇಲೆ ಯಾರ ಮನೆಯಲ್ಲೂ ಅವನು ಆ ಮಾತು ಹೇಳಿದವನಲ್ಲ. “ಮೊದಲು ಹೇಳ್ಬಿಡ್ತೀನಿ.”

ಆಗ್ನೆಸ್ ನಲ್ಲಿ ನಿಲ್ಲಿಸಿದಳು. ಕೆಟಲನ್ನು ಕೆಳಗಿಡದೆ, ಹಾಗೇ ಕೈಯಲ್ಲಿ ಹಿಡಿದುಕೊಂಡು, ಅವನು ಹೇಳುವುದನ್ನು ಕೇಳಲು ನಿಂತಳು.